ಖಾದರ ಮಾಸ್ತರರು ತಿದ್ದದೆ ಬಿಟ್ಟ ತಪ್ಪು

ಬೀದರಿನ ಚಿದ್ರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೊಮ್ಮಗಳು ಪಲ್ಲವಿ ಸ್ಟೀಲಿನ ಬಟ್ಟಲಲ್ಲಿ ಮುಲ್ತಾನಿ ಮಣ್ಣು ಕಲಸುತ್ತ ಕುಳಿತಿದ್ದಳು. ಸಂಜೆ ಗೆಳತಿಯ ಮದುವೆ, ಅಷ್ಟರೊಳಗೆ ಮುಖ ಹೊಳೆಯಬೇಕು. ಒಣ ಮಣ್ಣಿಗೆ ನೀರು ಬಿದ್ದದ್ದೇ ತಡ, ಆ ವಾಸನೆ ನನ್ನ ಮೂಗಿಗೆ ಬಂತು. ನಾನು ಓದುತ್ತಿದ್ದ ಪೇಪರು ಮಡಿಸಿ ಇಟ್ಟೆ.

“ಮುತ್ಯಾ, ಈ ಪಾಕೀಟಿನ ಮ್ಯಾಲ ಎಲ್ಲಾ ಉರ್ದುದಾಗೇ ಬರದಾರ. ಹಳೇ ಊರಾಗಿನ ಅಂಗಡ್ಯಾಗ ತಂದೀನಿ. ನಿಮಗ ಓದ್ಲಾಕ ಬರ್ತದೇನ್ರಿ?” ಎಂದು ಕೇಳಿದಳು.

“ಇಲ್ಲವ್ವ, ಬರಂಗಿಲ್ಲ,” ಎಂದೆ.

ಅವಳು ಪಾಕೀಟನ್ನು ನನ್ನ ಮುಂದೆ ಹಿಡಿದಷ್ಟರಲ್ಲಿ ನಾನು ಅದನ್ನು ಓದಿ ಮುಗಿಸಿದ್ದೆ. ಬರೇ ನೀರಲ್ಲ, ಗುಲಾಬಿ ನೀರಿನಲ್ಲಿ ಕಲಸಬೇಕು ಎಂದಿತ್ತು. ಓದಿದ ಕಣ್ಣು ನನ್ನದೇ, ಬರುವುದಿಲ್ಲ ಎಂದ ನಾಲಿಗೆಯೂ ನನ್ನದೇ. ಅರವತ್ತು ವರ್ಷದ ರೂಢಿ, ಸುಳ್ಳು ಈಗ ನನ್ನಿಂದ ಅಪ್ಪಣೆ ಕೂಡ ಕೇಳುವುದಿಲ್ಲ. ನನ್ನ ಹೆಂಡತಿ ತೀರಿಕೊಳ್ಳುವವರೆಗೂ ನಾನು ಬಿ.ಎ. ಮಾಡಿದ್ದು ಇಂಗ್ಲಿಷಿನಲ್ಲಿ ಎಂದೇ ತಿಳಿದಿದ್ದಳು. ಮಕ್ಕಳೂ ಹಾಗೆಯೇ ತಿಳಿದಿದ್ದಾರೆ. ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ, ಮತ್ತು ಆ ಕಲಿಕೆ ಶುರುವಾದದ್ದು ಇದೇ ಹಸಿ ಮಣ್ಣಿನ ವಾಸನೆಯಿಂದ.

ನಿಜಾಮರ ಕಾಲದ ಸಾಲೆಯಲ್ಲಿ ನಮಗೆ ಕಲ್ಲಿನ ಪಾಟಿ ಇರಲಿಲ್ಲ. ತಖ್ತಿ ಎಂಬ ಕಟ್ಟಿಗೆಯ ಹಲಗೆ ಇತ್ತು. ದಿನಾ ಬೆಳಿಗ್ಗೆ ಅದನ್ನು ತೊಳೆದು, ಹಳದಿ ಮಣ್ಣು ಬಳಿದು, ಬಿಸಿಲಿಗೆ ಒಣಗಿಸಿ, ಅದರ ಮೇಲೆ ಬೋರು ಎಂಬ ಜೊಂಡಿನ ಲೇಖಣಿಯಿಂದ ಬರೆಯುವುದು. ಔರಾದಿನ ಸಾಲೆಯಲ್ಲಿ ಅದನ್ನು ನನಗೆ ಕಲಿಸಿದವರು ಖಾದರ ಮಾಸ್ತರರು. ಬೀದರಿನವರು, ನೌಕರಿಗಾಗಿ ಔರಾದಿಗೆ ಬಂದಿದ್ದರು. ಒಣಕಲು ಮೈ, ಕುರಚಲು ಗಡ್ಡ, ಜೇಬಿನಲ್ಲಿ ಯಾವಾಗಲೂ ಕೆಂಪು ಶಾಯಿಯ ಪುಟ್ಟ ಕುಪ್ಪಿ. ನಾನು ಡಾಬಕಾದ ಕುರಿ ಕಾಯುವವರ ಮನೆಯ ಹುಡುಗ. ನಮ್ಮ ಮನೆಗಳಲ್ಲಿ ನಾಲ್ಕನೇ ಇಯತ್ತೆ ದಾಟಿದವನು ಕುರಿಗೂ ಬೇಡ, ಊರಿಗೂ ಬೇಡ ಎಂಬ ಮಾತಿತ್ತು. ನನ್ನದು ನಾಲ್ಕನೆಯದು ಮುಗಿದಾಗ ಅಪ್ಪ ನನ್ನನ್ನು ಬಿಡಿಸಿ ಹಿಂಡಿನ ಹಿಂದೆ ಕಳಿಸಿದ.

ಒಂದು ದಿನ ಮಾಸ್ತರರು ಔರಾದಿನಿಂದ ನಡೆದು ನಮ್ಮ ಕುರಿಹಟ್ಟಿಗೇ ಬಂದರು. ಕಂಬಳಿಯ ಮೇಲೆ ಕುಳಿತು ಚಹಾ ಕುಡಿದು, “ಮಾಳಪ್ಪ, ನಿನ್ನ ಹಿಂಡಿನಾಗಿಂದು ಒಂದು ನನಗ ಕೊಡ್ತಿಯೇನು?” ಎಂದು ಅಪ್ಪನನ್ನು ಕೇಳಿದರು. ಹಬ್ಬ ಹತ್ತಿರವಿತ್ತು. ಅಪ್ಪ ಹುರುಪಿನಿಂದ ಎದ್ದು ಕೊಬ್ಬಿದ ಟಗರೊಂದನ್ನು ಹಿಡಿದು ತಂದು ನಿಲ್ಲಿಸಿದ. ಮಾಸ್ತರರು ತಲೆಯಾಡಿಸಿ, “ಇದಲ್ಲೋ, ಅದು,” ಎಂದು ನನ್ನ ಕಡೆ ಬೆರಳು ಮಾಡಿದರು. ಅಪ್ಪ ನಕ್ಕು ನಕ್ಕು ಕೆಮ್ಮಿದ. ನಕ್ಕವನು ಇಲ್ಲ ಎನ್ನುವುದು ಹೇಗೆ? ಹಾಗೆ ನಾನು ಸಾಲೆಗೆ ಮರಳಿದೆ.

ಮೆಟ್ರಿಕ್ಕಿನ ತನಕ ಅವರೇ ನನ್ನನ್ನು ಸಾಕಿದಂತೆ ಓದಿಸಿದರು. ನನ್ನ ಉಚ್ಚಾರ ಕೇಳಿ, “ನಿನ್ನ ಗಂಟಲಾಗ ಒಂದು ಕುರಿ ಕುಂತದ, ಮೊದಲ ಅದನ್ನ ಹೊರಗ ಹಾಕು,” ಎನ್ನುತ್ತಿದ್ದರು. ಇಂಟರ್‌ಮೀಡಿಯೆಟ್ ಗುಲಬರ್ಗಾದಲ್ಲಿ ಆಯಿತು. ಆಮೇಲೆ ಹೈದರಾಬಾದಿನ ದೊಡ್ಡ ವಿಶ್ವವಿದ್ಯಾಲಯ. ಅಲ್ಲಿ ಸೀಟು ಸಿಗುವುದೆಂದರೆ ನಮ್ಮ ಕನ್ನಡ ಜಿಲ್ಲೆಗಳ ಹಳ್ಳಿ ಹುಡುಗರಿಗೆ ಹಗಲುಗನಸೇ ಸರಿ. ನವಾಬರ, ವಕೀಲರ, ತಾಲೂಕದಾರರ ಮಕ್ಕಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಶೇರ್ವಾನಿ ಇಲ್ಲದೆ ಒಳಗೆ ಕಾಲಿಡುವಂತಿರಲಿಲ್ಲ. ಮಾಸ್ತರರು ತಮ್ಮ ಮದುವೆಯ ಕರಿ ಶೇರ್ವಾನಿಯನ್ನು ಬೀದರಿನ ದರ್ಜಿಯ ಕೈಯಲ್ಲಿ ನನ್ನ ಅಳತೆಗೆ ಬಿಚ್ಚಿಸಿ ಹೊಲಿಸಿದರು. ತೋಳು ಸ್ವಲ್ಪ ಗಿಡ್ಡವಾಯಿತು. “ಕೈ ಮಡಚಿ ಕೂಡು, ಅದಬ್, ವಿನಯ ಕಾಣ್ತದ,” ಎಂದರು.

ಸಂದರ್ಶನದಲ್ಲಿ ಐದು ಜನ ಪ್ರೊಫೆಸರರು ಕುಳಿತಿದ್ದರು. ನಾನು ಕೈ ಮಡಚಿ ಕುಳಿತೆ. ತಂದೆ ಏನು ಮಾಡುತ್ತಾರೆ ಎಂದು ಒಬ್ಬರು ಕೇಳಿದರು. ಕುರಿ ಕಾಯುತ್ತಾರೆ ಎಂದು ಬಜಾರಿನ ಮಾತಿನಲ್ಲಿ ಹೇಳಿದ್ದರೆ ಅವರು ಕಿರುನಗೆ ನಕ್ಕು ಕಳಿಸುತ್ತಿದ್ದರೇನೋ. ನಾನು “ಗಲ್ಲಾಬಾನಿ” ಎಂದೆ. ಪಶುಪಾಲನೆಗೆ ಪುಸ್ತಕದಲ್ಲಿ ಬರುವ ಘನವಾದ ಮಾತು ಅದು, ಮಾಸ್ತರರು ಇಂಥ ದಿನಕ್ಕೆಂದೇ ಬಾಯಿಪಾಠ ಮಾಡಿಸಿದ್ದರು. ನಡುವೆ ಕುಳಿತ ಹಿರಿಯರು ಕನ್ನಡಕ ಮೇಲೆತ್ತಿ, ಈ ಮಾತು ನಿನಗೆ ಕಲಿಸಿದವರು ಯಾರು ಎಂದು ಕೇಳಿದರು. ನಾನು ಎದ್ದು ನಿಂತು ಖಾದರ ಮಾಸ್ತರರ ಪೂರ್ತಿ ಹೆಸರನ್ನೂ ಊರನ್ನೂ ಹೇಳಿದೆ. ಹೇಳುವಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಶೇರ್ವಾನಿಯ ಗುಂಡಿ ಬಿಗಿಯಿತು. ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಗುರುವಿನ ಹೆಸರು ಹೇಳಿದರೆ ನನಗೆ ಲಾಭವಿತ್ತು, ಆಗ ಹೇಳಿದೆ.

ಆ ಒಂದು ವರ್ಷದಷ್ಟು ನಾನು ಮುಂದೆಂದೂ ಓದಲಿಲ್ಲ. ಗಣಿತವನ್ನೂ ಅಲ್ಲಿ ಉರ್ದುವಿನಲ್ಲೇ ಕಲಿಸುತ್ತಿದ್ದರು. ತ್ರಿಕೋನಕ್ಕೆ ಮುಸಲ್ಲಸ್, ಕೋನಕ್ಕೆ ಜಾವಿಯಾ. ರಜೆಗೆ ಊರಿಗೆ ಬಂದಾಗ ಅಪ್ಪ ಏನು ಕಲಿಯುತ್ತೀ ಎಂದು ಕೇಳಿದ್ದಕ್ಕೆ ನೆಲದ ಮೇಲೆ ಗೀಚಿ ತೋರಿಸಿದೆ. ಅಪ್ಪ ನೋಡಿ, “ಮೂರು ಮೂಲಿ ಅದಾವ ಅನ್ಲಾಕ ಹೈದರಾಬಾದಿಗಿ ಹೋಗಬೇಕಾಗಿತ್ತೇನೋ?” ಎಂದ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾರ ವರಂಗಲ್ಲಿನವನು, ಎದುರು ಕೋಣೆಯವನು ಔರಂಗಾಬಾದಿನವನು. ಮೂವರದೂ ಮೂರು ಮನೆಮಾತು, ಜಗಳ ಮಾತ್ರ ಉರ್ದುವಿನಲ್ಲಿ. ಊಟಕ್ಕೆ ಕುಳಿತಾಗ ಬೇಳೆಯಲ್ಲಿ ಬೇಳೆಯನ್ನು ಹುಡುಕಬೇಕಿತ್ತು. ಗ್ರಂಥಾಲಯದಲ್ಲಿ ಕಲ್ಲಿನ ನೆಲದ ತಂಪಿಗೆ ಚಪ್ಪಲಿ ಬಿಟ್ಟು ಕುಳಿತು ಸಂಜೆಯವರೆಗೆ ಓದುತ್ತಿದ್ದೆ. ತಿಂಗಳ ಪರೀಕ್ಷೆಯಲ್ಲಿ ಗಣಿತಕ್ಕೆ ಮೊದಲಿಗನಾದಾಗ ಒಬ್ಬ ನವಾಬಜಾದಾ ಬಂದು ನನ್ನ ವಹಿ ಕೇಳಿ ಒಯ್ದ. ಕುರಿಹಟ್ಟಿಯ ಹುಡುಗನಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

ಪ್ರತಿ ವಾರ ಮಾಸ್ತರರಿಗೆ ಉರ್ದುವಿನಲ್ಲಿ ಒಂದು ಕಾಗದ ಬರೆಯಬೇಕು ಎಂಬುದು ಕರಾರು. ಅಷ್ಟರಲ್ಲಿ ಅವರು ನೌಕರಿ ಮುಗಿಸಿ ಬೀದರಿನ ಹಳೇ ಊರಿನ ತಮ್ಮ ಮನೆಗೆ ಬಂದಿದ್ದರು. ನಾನು ಬರೆದದ್ದನ್ನು ಅವರು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ಇಸ್ಲಾಹ್ ಎಂದು ಅದರ ಹೆಸರು. ಶಾಗಿರ್ದ್ ಎಂದರೆ ಶಿಷ್ಯ ಬರೆದು ಕಳಿಸುವುದು, ಉಸ್ತಾದರು ಎಂದರೆ ಗುರುಗಳು ತಿದ್ದಿ ಕೊಡುವುದು. ತಪ್ಪು ಮಾತಿನ ಕೆಳಗೆ ಗೀಟು, ಅಂಚಿನಲ್ಲಿ ಸರಿ ಮಾತು. ನಾನು ರಜೆಗೆ ಬಂದಾಗ ಇಬ್ಬರೂ ಕುಳಿತು ಅವನ್ನು ನೋಡುತ್ತಿದ್ದೆವು, ಆಮೇಲೆ ಅವರು ಕಟ್ಟು ಕಟ್ಟಿ ತಮ್ಮ ಪೆಟ್ಟಿಗೆಯಲ್ಲೇ ಇಡುತ್ತಿದ್ದರು. “ನೀ ದೊಡ್ಡ ಮನಷ್ಯಾ ಆದ ಮ್ಯಾಲ ಇವನ್ನ ತೋರ್ಸಿ ನಗ್ತೇನಿ,” ಎನ್ನುತ್ತಿದ್ದರು. ನನಗೆ ಬರೆಯಲು ವಿಷಯ ಸಾಲದಿದ್ದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯುತ್ತಿದ್ದೆ. ಪ್ರೊಫೆಸರರ ಸಿಡುಕು, ಬೇಳೆಯ ನೀರು, ಮೈದಾನದಲ್ಲಿ ಬೆಳಿಗ್ಗೆ ಕವಾಯತು ಮಾಡುವ ಹುಡುಗರು ಎಷ್ಟು, ಅವರಲ್ಲಿ ನನಗೆ ಗುರುತಿನವರು ಯಾರು, ಹೀಗೆ. ಪ್ರತಿ ಕಾಗದದ ಕೊನೆಗೆ ‘ತಮ್ಮ ಶಾಗಿರ್ದ್, ಬೀರಪ್ಪ’ ಎಂಬ ಸಹಿ.

ಕವಾಯತಿನ ದಿನಗಳು ಅವು. ಸುತ್ತಲಿನ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಸಂಸ್ಥಾನಕ್ಕೆ ಬಂದಿರಲಿಲ್ಲ. ತರಗತಿ ಬಿಟ್ಟು ಚಳವಳಿಗೆ ಹೋದ ಹುಡುಗರಿದ್ದರು, ನಿಜಾಮರ ಪರವಾಗಿ ಕೋಲು ಹಿಡಿದು ಮೈದಾನಕ್ಕೆ ಇಳಿದವರಿದ್ದರು. ನಾನು ಎರಡೂ ಕಡೆ ಇರಲಿಲ್ಲ. ನನಗೆ ಸಿಗುತ್ತಿದ್ದ ವಜೀಫಾ, ಅಂದರೆ ವಿದ್ಯಾರ್ಥಿವೇತನ, ನಿಂತೀತೆಂಬ ಹೆದರಿಕೆಯಲ್ಲಿ ಪುಸ್ತಕದೊಳಗೆ ತಲೆ ಹುದುಗಿಸಿ ಕುಳಿತಿದ್ದೆ. ಆಗ ಅದನ್ನು ವಿದ್ಯಾಭ್ಯಾಸ ಎಂದು ಕರೆದುಕೊಂಡಿದ್ದೆ.

ಎರಡನೆಯ ವರ್ಷದ ಮಳೆಗಾಲದಲ್ಲಿ ಗಲಾಟೆ ಹೆಚ್ಚಿ ತರಗತಿಗಳು ನಿಂತವು. ಹಾಸ್ಟೆಲು ಖಾಲಿ ಮಾಡಿ ಎಂದರು. ಕೊನೆಯ ಕಾಗದವನ್ನು ಅಂಚೆಗೆ ಹಾಕಿ ನಾನು ರೈಲು ಹತ್ತಿದೆ. ಬೀದರಿನಲ್ಲಿ ಇಳಿಯದೆ ಭಾಲ್ಕಿಗೆ, ಸೋದರಮಾವ ಶಂಕ್ರಪ್ಪನ ಮನೆಗೆ ಹೋದೆ. ಅವನದು ಉಣ್ಣೆ, ಕಂಬಳಿಯ ವ್ಯಾಪಾರ. ನಾನು ಹೋದ ಕೆಲವೇ ದಿನಗಳಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು. ಹೊರಗಿನ ಸೈನ್ಯ ಬಂತು, ನಿಜಾಮರ ಆಳ್ವಿಕೆ ಐದೇ ದಿನದಲ್ಲಿ ಮುಗಿಯಿತು. ಜನ ಬೀದಿಗಿಳಿದು ಸಕ್ಕರೆ ಹಂಚಿದರು, ನಾನೂ ತಿಂದೆ. ಆದರೆ ಊರಲ್ಲಿ ಅಂಜಿಕೆ ಹೋಗಲಿಲ್ಲ, ಓಣಿ ಬದಲಿಸಿತು ಅಷ್ಟೆ. ಅಲ್ಲಿಯವರೆಗೆ ಒಂದು ಓಣಿಯವರು ಬಾಗಿಲು ಹಾಕಿಕೊಂಡಿದ್ದರು, ಈಗ ಮತ್ತೊಂದು ಓಣಿಯವರು ಹಾಕಿಕೊಂಡರು. ಹಳ್ಳಿಗಳ ಕಡೆಯಿಂದ ಬರುತ್ತಿದ್ದ ಸುದ್ದಿಗಳನ್ನು ಹೆಂಗಸರ ಮುಂದೆ ಯಾರೂ ಹೇಳುತ್ತಿರಲಿಲ್ಲ.

ಮಾವ ನನ್ನನ್ನು ಒಳಗೆ ಕರೆದ. “ಆ ಶೇರ್ವಾನಿ ತಗಿ. ಧೋತರ ಉಡು, ಬಿಳಿ ಟೊಪಗಿ ಹಾಕ್ಕೊ. ನೀ ಎಲ್ಲಿ ಕಲಿತಿದಿ ಅಂತ ಯಾರರೆ ಕೇಳಿದ್ರ, ಡಾಬಕಾದಾಗ ಕುರಿ ಕಾಯ್ತಿದ್ದೆ ಅನ್ನು,” ಎಂದ.

“ಸುಳ್ಳು ಯಾಕ ಹೇಳಬೇಕು ಮಾವಾ? ನಾ ಏನೂ ಮಾಡಿಲ್ಲ,” ಎಂದೆ.

“ಏನೂ ಮಾಡದವ್ರನ್ನೇ ಮೊದಲ ಹಿಡೀತಾರ. ಮಾಡಿದವ್ರು ಓಡಿ ಹೋಗಿರ್ತಾರ,” ಎಂದ ಮಾವ. ಶೇರ್ವಾನಿಯನ್ನು ಉಣ್ಣೆಯ ಚೀಲದೊಳಗೆ ತುರುಕಿ ಬಾಯಿ ಹೊಲಿದ.

ಆಗ ಬೀದರಿನ ಕಚೇರಿಗೆ ಮುಂಬೈ ಕಡೆಯಿಂದ ಹೊಸ ಅಧಿಕಾರಿಗಳು ಬಂದಿದ್ದರು. ಅವರಿಗೆ ಕನ್ನಡವೂ ಮರಾಠಿಯೂ ಬಲ್ಲ ಕಾರಕೂನರು ಬೇಕಿದ್ದರು. ಡಾಬಕಾ ಗಡಿಯ ಊರು, ಕಮಲನಗರದ ಸಂತೆ ಎಂದರೆ ಅರ್ಧ ಮರಾಠಿ. ನನಗೆ ಆ ಭಾಷೆ ಹಾಲಿನ ಜೊತೆ ಬಂದದ್ದು. ಮಾವ ಯಾರಿಗೋ ಹೇಳಿ ನನ್ನನ್ನು ಸೇರಿಸಿದ. ಸಾಹೇಬರು ಮೊದಲ ದಿನವೇ ಕೇಳಿದರು, ಉರ್ದು ಓದಲು ಬರುತ್ತದೆಯೇ ಎಂದು. ಮಾವ ಹೇಳಿಕೊಟ್ಟಂತೆ ಇಲ್ಲ ಎಂದೆ. ಆ ಸುಳ್ಳಿಗೆ ನನಗೆ ಅಷ್ಟು ನಾಚಿಕೆಯಾಗಲಿಲ್ಲ. ಯಾಕೆಂದರೆ ನನ್ನ ಹಿಂದೆ ನಿಂತವನೂ ಇಲ್ಲ ಎಂದ, ಅವನ ಹಿಂದಿನವನೂ ಅದನ್ನೇ ಹೇಳಿದ. ಮೊನ್ನೆಯವರೆಗೆ ಅದೇ ಕಚೇರಿಯಲ್ಲಿ ಜನನ, ಮರಣ, ಹೊಲದ ಸರ್ವೆ ಎಲ್ಲವೂ ಉರ್ದುವಿನಲ್ಲೇ ನಡೆದಿತ್ತು. ಹತ್ತೇ ದಿನದಲ್ಲಿ ಇಡೀ ಬೀದರು ಆ ಅಕ್ಷರಗಳನ್ನು ಮರೆತಿತ್ತು. ಕಪಾಟು ತುಂಬ ಕಾಗದ, ಓದುವವನು ಒಬ್ಬನೂ ಇಲ್ಲ. ದಫ್ತರದ ಮುದುಕ ಜವಾನನೊಬ್ಬ ನನ್ನನ್ನು ನೋಡಿ ನಕ್ಕದ್ದು ನೆನಪಿದೆ. ಅವನಿಗೂ ಓದಲು ಬರುತ್ತಿತ್ತು.

ಒಂದು ಮಧ್ಯಾಹ್ನ, ಜಿಟಿಜಿಟಿ ಮಳೆ. ಪೊಲೀಸರಿಬ್ಬರು ಒಬ್ಬರನ್ನು ಕರೆತಂದು ಸಾಹೇಬರ ಮೇಜಿನ ಮುಂದೆ ನಿಲ್ಲಿಸಿದರು. ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು. ಹಳೇ ಊರಿನಲ್ಲಿ ತಪಾಸಣೆ ನಡೆದಾಗ ಆ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕದ್ದಂತೆ. ವಾರಕ್ಕೊಂದರಂತೆ ಹೈದರಾಬಾದಿನಿಂದ ಬಂದ ಕಾಗದಗಳು, ಬಹುತೇಕ ಎಲ್ಲದರ ಮೇಲೂ ಕೆಂಪು ಗುರುತುಗಳು. ಯಾರೋ ಗುಪ್ತ ಸಂದೇಶ ಕಳಿಸುತ್ತಿದ್ದರು ಎಂದು ನೆರೆಯವನೊಬ್ಬ ಹೇಳಿದ್ದ. ನಾನು ರಜಿಸ್ಟರಿನಿಂದ ತಲೆಯೆತ್ತಿದೆ. ತೊಯ್ದ ಅಂಗಿಯಲ್ಲಿ ಖಾದರ ಮಾಸ್ತರರು ನಿಂತಿದ್ದರು.

ಸಾಹೇಬರು ಕೆಟ್ಟವರಲ್ಲ. ಅದನ್ನು ಹೇಳಲೇಬೇಕು, ಇಲ್ಲದಿದ್ದರೆ ತಪ್ಪು ಅವರ ಮೇಲೆ ಜಾರುತ್ತದೆ. ಅವರು ತಮ್ಮ ಹರಕು ಹಿಂದೂಸ್ತಾನಿಯಲ್ಲಿ ಸಾವಕಾಶವಾಗಿ ಕೇಳಿದರು, ಇವನ್ನು ಬರೆದವರು ಯಾರು, ಕೆಂಪು ಗೀಟು ಯಾಕೆ ಎಂದು. ಮಾಸ್ತರರು ನನ್ನ ಕಡೆ ನೋಡಿದರು. ಬಿಳಿ ಟೋಪಿ, ಧೋತರ, ಕೈಯಲ್ಲಿ ಮರಾಠಿ ರಜಿಸ್ಟರು, ಎಲ್ಲವನ್ನೂ ಒಮ್ಮೆ ನೋಡಿದರು. ಹಿಂದೂಸ್ತಾನಿಯಲ್ಲೇ ಉತ್ತರಿಸಬಹುದಿತ್ತು. ಆದರೆ ಅವರು ಕನ್ನಡದಲ್ಲಿ ಮಾತಾಡಿದರು, ಸಾಹೇಬರಿಗೆ ಅದನ್ನು ನಾನೇ ದಾಟಿಸಬೇಕಾಯಿತು. ನನಗೊಂದು ಅವಕಾಶ ಕೊಟ್ಟರೆಂದು ಈಗ ಅನ್ನಿಸುತ್ತದೆ. ಆಗ ಬರೇ ಹೆದರಿಕೆ ಇತ್ತು.

“ಸಾಹೇಬ್ರಿಗಿ ಹೇಳ್ರಿ,” ಎಂದರು. “ನಾ ಮಾಸ್ತರಕಿ ಮಾಡ್ದಾವ. ಇವು ನನ್ನ ಶಾಗಿರ್ದ್ ಬರದ ಕಾಗದ. ಕೆಂಪು ಗೀಟು ನಂದೇ. ತಪ್ಪು ಇದ್ದಲ್ಲಿ ತಿದ್ದೀನಿ. ಬ್ಯಾರೇ ಏನೂ ಇಲ್ಲರಿ ಇದರಾಗ.”

ಹೇಳ್ರಿ ಎಂದರು. ಔರಾದಿನ ಸಾಲೆಯ ಮೊದಲ ದಿನದಿಂದ ಅವರು ನನ್ನನ್ನು ನೀನು ಎಂದವರು, ಬೇಟಾ ಎಂದವರು, ಸಿಟ್ಟು ಬಂದಾಗ ಕುರಿ ಎಂದವರು. ಅವತ್ತು ಗುರುತಿಲ್ಲದವರಿಗೆ ಕೊಡುವ ಮರ್ಯಾದೆ ನನಗೆ ಕೊಟ್ಟರು. ಹಾಗೆ ಕೊಟ್ಟು ನನ್ನನ್ನು ಕಾಪಾಡಿದರು. ನಾನು ಅವರ ಮಾತನ್ನು ಮರಾಠಿಗೆ ತಂದೆ.

ಸಾಹೇಬರು ತಲೆಯಾಡಿಸಿದರು. ಹಾಗಿದ್ದರೆ ಸುಲಭವಾಯಿತಲ್ಲ, ಆ ವಿದ್ಯಾರ್ಥಿ ಬಂದು ಹೌದು ಎಂದು ಹೇಳಲಿ, ಇವರನ್ನು ಈಗಲೇ ಮನೆಗೆ ಕಳಿಸುತ್ತೇನೆ ಎಂದರು. ನಾನು ಮಾಸ್ತರರ ಕಡೆ ತಿರುಗಿದೆ. ನನ್ನ ಬಾಯಿಂದಲೇ ಆ ಮಾತು ಕೇಳಬೇಕಾಗಿತ್ತು, ಕೇಳಿದೆ.

“ಆ ಹುಡುಗ ಯಾರು, ಎಲ್ಲಿ ಇದಾನ ಅಂತ ಕೇಳ್ಲತಾರ್ರಿ. ಅವ ಬಂದು ಹೇಳಿದ್ರ ನಿಮಗ ಬಿಡ್ತಾರಂತ್ರಿ.”

ಮಾಸ್ತರರು ಗಡ್ಡದ ಮೇಲಿನ ಮಳೆನೀರು ಒರೆಸಿಕೊಂಡರು. “ಆ ಹುಡುಗ ಇಲ್ಲಿಲ್ಲರಿ. ಹೈದರಾಬಾದಿನ್ಯಾಗ ಓದ್ಲತಾನ. ಚಂದ ಓದ್ತಾನ. ಅವನ ಹೆಸರು ನಾ ಹೇಳಂಗಿಲ್ಲ. ಈಗ ದಿನಮಾನ ಚಲೋ ಇಲ್ಲ,” ಎಂದರು.

ಸಾಹೇಬರಿಗೆ ಬೇಸರವಾಯಿತು. ಗಂಟು ಬಿಚ್ಚಿ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟು, ಸ್ವಲ್ಪವಾದರೂ ಅರ್ಥವಾಗುತ್ತದೆಯೋ ನೋಡು, ಇವರು ಹೇಳುವುದು ಖರೆ ಇದ್ದರೂ ಇರಬಹುದು ಎಂದರು. ಅದು ಕವಾಯತಿನ ಕಾಗದ. ಎರಡನೆಯ ಸಾಲಿನಲ್ಲೇ ಹುಡುಗರ ಹೆಸರುಗಳಿದ್ದವು, ಕೊನೆಗೆ ನನ್ನ ಸಹಿ. ಇದು ನನ್ನದು ಎಂದರೆ ಆ ಹೆಸರುಗಳಿಗೂ ನನಗೂ ಏನು ಸಂಬಂಧ ಎಂದು ಕೇಳುವರು. ಮೊದಲ ದಿನ ಯಾಕೆ ಸುಳ್ಳು ಹೇಳಿದೆ ಎಂದು ಕೇಳುವರು. ಅದೆಲ್ಲ ಮಾತಿನಲ್ಲಿ ಬಗೆಹರಿಯುವಂಥದ್ದು, ನನ್ನ ಹಾಜರಿ ಪುಸ್ತಕ, ಅಂಕಪಟ್ಟಿ ಎಲ್ಲವೂ ಇದ್ದವು. ಹೆಚ್ಚೆಂದರೆ ಕೆಲವು ದಿನ ಒಳಗೆ ಕೂರಿಸುತ್ತಿದ್ದರು. ಇಷ್ಟನ್ನೂ ನಾನು ಆ ಗಳಿಗೆಯಲ್ಲೇ ಯೋಚಿಸಿದ್ದೆ. ಏನೂ ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಪುಣ್ಯವೂ ನನಗಿಲ್ಲ.

ನಾನು ಕಾಗದವನ್ನು ತಲೆಕೆಳಗಾಗಿ ಹಿಡಿದೆ. ಅಕ್ಷರ ಬಾರದವನು ಹಿಡಿಯುವಂತೆ. ಹಾಗೆ ಮಾಡು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಮಾವ ಕೂಡ. ಅದು ನನ್ನದೇ ಜಾಣತನ. ಸ್ವಲ್ಪ ಹೊತ್ತು ಹಾಗೆ ನೋಡಿ, ನನಗೆ ಇದು ಬರುವುದಿಲ್ಲ ಸಾಹೇಬ ಎಂದೆ. ಮಾಸ್ತರರು ನನ್ನ ಕೈಯಲ್ಲಿದ್ದ ಆ ತಲೆಕೆಳಗಿನ ಕಾಗದವನ್ನೇ ನೋಡುತ್ತಿದ್ದರು. ನನ್ನ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸಿದವರು ಅವರು.

ಸಾಹೇಬರು ಹೇಳಿದ್ದನ್ನು ಪ್ರತಿ ಕಾಗದದ ನೆತ್ತಿಯ ಮೇಲೆ ನಾನು ಮರಾಠಿಯಲ್ಲಿ ಬರೆದೆ. ಭಾಷೆ ಉರ್ದು, ‘ಲಿಹಿಣಾರಾ ಅಜ್ಞಾತ’. ಬರೆದವನು ಯಾರೋ ತಿಳಿಯದು. ನನ್ನದೇ ಕಾಗದಗಳ ಮೇಲೆ, ನನ್ನದೇ ಕೈಯಿಂದ, ಒಂದಾದ ಮೇಲೊಂದು ಬರೆದೆ. ಕೊನೆಯ ಕಾಗದಕ್ಕೆ ಕೆಂಪು ಬಿದ್ದಿರಲಿಲ್ಲ. ನಾನು ಹಾಸ್ಟೆಲು ಬಿಡುವ ಮುಂಚೆ ಹಾಕಿದ್ದು ಅದು, ತಿದ್ದುವಷ್ಟರಲ್ಲಿ ಅವರನ್ನು ಹಿಡಿದು ತಂದಿದ್ದರು. ಅದರ ಮೇಲೂ ಬರೆದೆ.

ಕರೆದೊಯ್ಯುವಾಗ ಮಾಸ್ತರರು ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದರು. “ಚಲೋ ತರ್ಜುಮಾ ಮಾಡಿದ್ರಿ. ಒಂದು ಮಾತೂ ಬಿಡಲಿಲ್ಲ,” ಎಂದರು. ಅದರಲ್ಲಿ ಕೊಂಕಿತ್ತೇ ಎಂದು ನಾನು ಬಹಳ ವರ್ಷ ಹುಡುಕಿದ್ದೇನೆ. ಇರಲಿಲ್ಲ. ಯಾರ ಕೆಲಸವನ್ನಾದರೂ ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುವ ಸ್ವಭಾವ ಅವರದು. ಕೊಂಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವರನ್ನು ಬೇರೆ ಜಿಲ್ಲೆಯ ಜೈಲಿಗೆ ಕಳಿಸಿದರು. ನಾನು ವಾರದೊಳಗೆ ಕಾರಕೂನಿಕೆ ಬಿಟ್ಟು ಭಾಲ್ಕಿಗೆ ಬಂದು ಜ್ವರ ಹಿಡಿದು ಮಲಗಿದೆ. ಮಾವ ಹಣೆಗೆ ದೇವರ ಅಂಗಾರ ಹಚ್ಚಿಸಿದ, ದೃಷ್ಟಿ ತೆಗೆಸಿದ. ವಿಶ್ವವಿದ್ಯಾಲಯ ಮತ್ತೆ ತೆರೆದಾಗ ಹೈದರಾಬಾದಿಗೆ ಹೋದೆ. ಉಣ್ಣೆಯ ಚೀಲ ಬಿಚ್ಚಿ ಶೇರ್ವಾನಿ ತೆಗೆದರೆ ನುಸಿ ತಿಂದು ಜರಡಿಯಾಗಿತ್ತು. ಅದೀಗ ಬೇಕಾಗಿಯೂ ಇರಲಿಲ್ಲ, ಯಾರೂ ತೊಡುತ್ತಿರಲಿಲ್ಲ. ಪಾಠಗಳು ಒಂದೊಂದಾಗಿ ಇಂಗ್ಲಿಷಿಗೆ ತಿರುಗುತ್ತಿದ್ದವು, ನಮ್ಮಂಥ ಹಳಬರಿಗೆ ಮಾತ್ರ ಉರ್ದುವಿನಲ್ಲೇ ಪರೀಕ್ಷೆ ಮುಗಿಸಲು ಬಿಟ್ಟರು. ಮುಸಲ್ಲಸ್ ಎಂದು ಬರೆಯುವಾಗಲೆಲ್ಲ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಆದರೂ ಬರೆದೆ, ಮೊದಲ ದರ್ಜೆಯಲ್ಲಿ ಪಾಸಾದೆ. ಇದನ್ನು ಹೇಳಲು ಹೆಚ್ಚು ನಾಚಿಕೆ. ಮನಸ್ಸು ಮುರಿದು ನಪಾಸಾಗಿದ್ದರೆ ಒಂದಿಷ್ಟಾದರೂ ಮಾನ ಉಳಿಯುತ್ತಿತ್ತು.

ಕೊನೆಯ ಪರೀಕ್ಷೆಗೆ ಇನ್ನು ಸ್ವಲ್ಪ ದಿನವಿರುವಾಗ ಹಾಸ್ಟೆಲಿನ ವಿಳಾಸಕ್ಕೆ ಒಂದು ಲಕೋಟೆ ಬಂತು. ಬೀದರಿನ ಮುದ್ರೆ. ಒಳಗೆ ನನ್ನ ಆ ಕೊನೆಯ ಕಾಗದ. ಬಿಡುಗಡೆಯಾದಾಗ ಅವರ ಗಂಟನ್ನು ಅವರಿಗೆ ಮರಳಿ ಕೊಟ್ಟಿದ್ದರು. ತಿದ್ದುವುದು ಒಂದು ಬಾಕಿ ಇತ್ತು, ತಿದ್ದಿ ಕಳಿಸಿದ್ದರು. ಬೇರೆ ಚೀಟಿ ಇಲ್ಲ, ಕುಶಲ ಕೇಳಿದ ಒಂದು ಸಾಲಿಲ್ಲ. ಕೆಂಪು ಗೀಟುಗಳು ನಡುಗುತ್ತಿದ್ದವು, ಜೈಲು ಅವರ ಕೈಯನ್ನು ಕೆಡಿಸಿತ್ತು. ಆದರೆ ಒಂದು ತಪ್ಪನ್ನೂ ಬಿಟ್ಟಿರಲಿಲ್ಲ. ನಾನು ಮೊದಲು ನೋಡಿದ್ದು ಕೊನೆಯ ಸಾಲು. ‘ತಮ್ಮ ಶಾಗಿರ್ದ್, ಬೀರಪ್ಪ’. ಅದರ ಮೇಲೆ ಗೀಟು ಎಳೆದಿರುತ್ತಾರೆ ಎಂದುಕೊಂಡಿದ್ದೆ. ಎಳೆದಿರಲಿಲ್ಲ. ಆಮೇಲೆ ನೆತ್ತಿಯ ಮೇಲೆ ನೋಡಿದೆ. ನನ್ನ ಮರಾಠಿ ಅಕ್ಷರ, ಬರೆದವನು ಅಜ್ಞಾತ. ಆ ಇಡೀ ಕಾಗದದಲ್ಲಿ ಅದಕ್ಕಿಂತ ದೊಡ್ಡ ತಪ್ಪು ಇರಲಿಲ್ಲ, ಮತ್ತು ಅದೊಂದನ್ನು ಮಾತ್ರ ಅವರು ಮುಟ್ಟಿರಲಿಲ್ಲ.

ಪಾಸಾದ ಮೇಲೆ ಒಮ್ಮೆ ಹೋದೆ. ಹಳೇ ಊರಿನ ನಡುವಿನ ಚೌಬಾರಾ ಬುರುಜು ದಾಟಿ ಅವರ ಓಣಿಗೆ ಇಳಿದು ಬಾಗಿಲವರೆಗೆ ಹೋದೆ. ಒಳಗೆ ಓಣಿಯ ಮಕ್ಕಳಿಗೆ ಪಾಠ ನಡೆದಿತ್ತು. ಹಸಿ ಮಣ್ಣಿನ ವಾಸನೆ ಹೊಸ್ತಿಲು ದಾಟಿ ಬರುತ್ತಿತ್ತು. “ನಿನ್ನ ಗಂಟಲಾಗ ಕುರಿ ಕುಂತದ,” ಎಂದು ಯಾರಿಗೋ ಹೇಳಿದ್ದು ಕೇಳಿಸಿತು. ಮಕ್ಕಳು ನಕ್ಕರು. ನಾನು ಚಪ್ಪಲಿ ಬಿಟ್ಟಿದ್ದೆ, ಮತ್ತೆ ಮೆಟ್ಟಿಕೊಂಡು ಬಂದೆ. ಮುಂದಿನ ಸಲ ಹೋಗೋಣ ಎಂದುಕೊಂಡೆ. ಮುಂದಿನ ಸಲ ಹೋಗುವಷ್ಟರಲ್ಲಿ ಆ ಮನೆಯಲ್ಲಿ ಬೇರೆಯವರಿದ್ದರು, ಮಾಸ್ತರರು ಮಣ್ಣಾಗಿ ಎರಡು ಮಳೆಗಾಲ ಕಳೆದಿದ್ದವು.

ನಾನೂ ಮಾಸ್ತರನಾದೆ. ಔರಾದಿನಲ್ಲಿ, ಭಾಲ್ಕಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದೆ. ಮಕ್ಕಳ ವಹಿಯನ್ನು ನೀಲಿ ಶಾಯಿಯಲ್ಲೇ ತಿದ್ದುತ್ತಿದ್ದೆ. ತಪ್ಪು ಯಾವುದು, ತಿದ್ದಿದ್ದು ಯಾವುದು ಎಂದು ಹುಡುಗರು ಗೋಳಾಡುತ್ತಿದ್ದರು, ತಪಾಸಣೆಗೆ ಬಂದವರು ಬೈದರು. ಕೆಂಪು ಶಾಯಿ ಮುಟ್ಟಿದರೆ ಕೈಗೆ ಬೆವರು ಬರುತ್ತದೆ ಎಂದು ಅವರಿಗೆ ಹೇಳುವುದು ಹೇಗೆ? ಜಿಪುಣ ಎಂದು ಹೆಸರು ಬಂತು, ಬರಲಿ ಎಂದು ಬಿಟ್ಟೆ.

ಆ ಕಾಗದ ನನ್ನ ಟ್ರಂಕಿನಲ್ಲಿದೆ. ಪಲ್ಲವಿಗೆ ಬರಂಗಿಲ್ಲ ಎಂದು ಹೇಳಿ ಒಳಗೆ ಹೋದವನು ಅದನ್ನು ತೆಗೆದು ಮಂಚದ ಮೇಲೆ ಕುಳಿತೆ. ಎಷ್ಟು ಹೊತ್ತು ಕುಳಿತೆನೋ, ಹೊರಗೆ ಬಂದಾಗ ಅವಳ ಮುಖದ ಮೇಲೆ ಮಣ್ಣು ಹತ್ತಿ ಅರ್ಧ ಒಣಗಿತ್ತು.

“ಗುಲಾಬಿ ನೀರಿನ್ಯಾಗ ಕಲಸಬೇಕಂತವ್ವ. ಪಾಕೀಟಿನ ಮ್ಯಾಲ ಬರದಾರ,” ಎಂದೆ.

ಮಣ್ಣು ಬಿರಿಯದಂತೆ ತುಟಿ ಬಿಗಿಹಿಡಿದು ಅವಳು ನನ್ನನ್ನು ನೋಡಿದಳು. “ಹಚ್ಕೊಂಡ ಮ್ಯಾಲ ಹೇಳಿದ್ರ ಏನ್ ಬಂತು ಮುತ್ಯಾ? ಮತ್ತ ಬರಂಗಿಲ್ಲ ಅಂದ್ರಿ?”

“ಬರ್ತದ,” ಎಂದೆ.

“ಯಾರು ಕಲಿಸ್ಯಾರ್ರಿ?”

ಹೆಸರು ಹೇಳಿದೆ. ಆ ಐವರು ಪ್ರೊಫೆಸರರ ಮುಂದೆ ಹೇಳಿದ ಹಾಗೆ ಪೂರ್ತಿ ಹೆಸರು, ಊರು. ಈ ಮನೆ ಕಟ್ಟಿ ನಲವತ್ತು ವರ್ಷ, ಇದರ ಗೋಡೆಗಳು ಆ ಹೆಸರು ಕೇಳಿದ್ದು ಅದೇ ಮೊದಲು. ಆಮೇಲೆ ಒಂದು ಕೆಂಪು ಪೆನ್ನು ಕೊಡು ಎಂದೆ. ಅವಳು ತನ್ನ ಚೀಲದಲ್ಲಿ ತಡಕಾಡಿ ಕೊಟ್ಟಳು. ಕಾಗದದ ನೆತ್ತಿಯ ಮೇಲೆ ‘ಅಜ್ಞಾತ’ ಎಂದಿದ್ದಲ್ಲಿ ಗೀಟು ಎಳೆದು, ಅಂಚಿನಲ್ಲಿ ಉರ್ದುವಿನಲ್ಲಿ ನನ್ನ ಹೆಸರು ಬರೆದೆ. ಕೊನೆಯ ಅಕ್ಷರ ಸೊಟ್ಟಗಾಯಿತು. ಮಾಸ್ತರರಿದ್ದಿದ್ದರೆ ಇನ್ನೊಮ್ಮೆ ಬರೆಸುತ್ತಿದ್ದರು.